ಫಿಲಮಿನಲ್ಲಿ ಬಾರದ್ದು

ಕೆಂಪು ಬಲ್ಬಿನಡಿ, ಹೈಪೋ ವಾಸನೆಯಲ್ಲಿ,
ತೊಟ್ಟಿಯೊಳಗೆ ಫಿಲಂ ಅಲ್ಲಾಡಿಸುತ್ತ
ಯಾರದೋ ಪಕ್ಕೆಲುಬು ಮೆಲ್ಲಗೆ ಮೂಡುವುದನ್ನು ಕಾಯುವುದು:
ಬೀದರದ ಮಿಷನ್ ಆಸ್ಪತ್ರೆಯಲ್ಲಿ
ಹತ್ತೊಂಬತ್ತು ವರ್ಷ ನನ್ನ ನೌಕರಿ.
ಮೂಡಿದ್ದು ಉಂಟು. ಮೂಡದ್ದು ಇಲ್ಲ.
ಧರ್ಮ ಕೇಳಿದರೆ ಮೆಥಡಿಸ್ಟ್ ಎಂದು ಬರೆಸುತ್ತಿದ್ದೆ,
ಮತ ಮಾತ್ರ ಇದೇ.

ಅಜ್ಜಿ ಸುವಾರ್ತಮ್ಮ
ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವಳು.
ಎರಡೂ ಕಣ್ಣಿಗೆ ಮೋತಿಬಿಂದು.
ಮಂಗಲಪೇಟೆಯಿಂದ ಗೋಡೆ ಸವರುತ್ತ ಬಂದು
ನನ್ನ ಬಾಗಿಲ ಹೊರಗಿನ ಬೆಂಚಿನ ಮೇಲೆ
ರೊಟ್ಟಿ, ಪುಂಡಿಪಲ್ಯದ ಡಬ್ಬಿ ಮಡಿಲಲ್ಲಿಟ್ಟುಕೊಂಡು
ನಾನು ಕತ್ತಲಿಂದ ಹೊರಬರುವವರೆಗೂ ಕೂತಿರುತ್ತಿದ್ದಳು,
ತುಟಿ ಅಲ್ಲಾಡಿಸುತ್ತ.

ನನಗದು ಸಿಟ್ಟು.
ಚಿಕ್ಕಪ್ಪ ಇಮ್ಮಾನುವೇಲನಿಗೆ ಕಾಮಾಲೆ ಆದಾಗ
ಏಳು ಶುಕ್ರವಾರ ಇದೇ ತುಟಿ ಅಲ್ಲಾಡಿತ್ತು, ನೀರೂ ಮುಟ್ಟದೆ.
ಎಂಟನೆಯ ಶುಕ್ರವಾರ ಮಣ್ಣಿಗೆ ಹೋಗಿ ಬಂದೆವು.
ಕೆಂಪು ಮುರಮು ಇನ್ನೂ ಉಗುರಲ್ಲಿರುವಾಗಲೇ
ಅವಳು ತಟ್ಟೆಯ ಮುಂದೆ ಕೈ ಜೋಡಿಸಿ
ಅನ್ನಕ್ಕೆ ಸ್ತೋತ್ರ ಹೇಳಿದಳು.
ಹದಿನಾಲ್ಕರ ನಾನು ತಟ್ಟೆ ದೂಡಿ ಎದ್ದಿದ್ದೆ.
ಆಮೇಲೆ ಉಂಡೆ, ಖರೆ. ಹಸಿವಾಗಿತ್ತು.
ಸ್ತೋತ್ರ ಹೇಳಲಿಲ್ಲ.

ಒಂದು ಸಲ ಚಿಟಗುಪ್ಪದಿಂದ ಒಬ್ಬಳು ಬಂದಳು, ಜೈತುನಬಿ.
ಬೆನ್ನು ನೋವು. ಮೂರನೆಯ ಸಲದ ಫಿಲಂ.
ಬೆಳಕಿನ ಡಬ್ಬಿಗೆ ಸಿಕ್ಕಿಸಿ ನೋಡಿದೆ:
ಮಣಿ ಪೋಣಿಸಿದ ಹಾಗೆ ಬೆನ್ನೆಲುಬು,
ಒಂದು ಬಿರುಕಿಲ್ಲ, ಒಂದು ಕಲೆಯಿಲ್ಲ.
'ಏನೂ ಇಲ್ಲ' ಎಂದೆ.
ಗಂಡ ಅದಕ್ಕೇ ಕಾದಿದ್ದವನಂತೆ
'ನಾ ಹೇಳಿಲ್ಲೇನು, ನಾಟಕ' ಎಂದು ಬೀಡಿ ಸೇದಲು ಹೋದ.
ಅವಳು ಅಳಲಿಲ್ಲ. ಕೈಯನ್ನು ಹಿಂದಕ್ಕೆ ತಿರುಚಿ
ಬೆನ್ನಿನ ಒಂದೇ ಜಾಗ ತೋರಿಸುತ್ತ ನಿಂತಳು,
ಗೋಡೆಗೆ ತೋರಿಸಿದ ಹಾಗೆ.

ಬೆಂಚಿನಿಂದ ಎದ್ದು ಅಜ್ಜಿ
ಗಾಳಿಯಲ್ಲಿ ತಡವರಿಸಿ ಅವಳ ಬೆನ್ನು ಹುಡುಕಿ
ಅಂಗೈ ಇಟ್ಟಳು. ಅಂದಳು:
'ಹೌದವ್ವಾ. ಅದ.'

ಇಷ್ಟೇ. 'ಅದ.'
ಆಗ ಅತ್ತಳು ಅವಳು,
ಮೂರು ಫಿಲಮಿಗೂ ಅಳದಿದ್ದವಳು.

ರಾತ್ರಿ ಕೇಳಿದೆ: ನಿನಗೇನು ಕಂಡಿತ್ತು?
'ನಂಗ ಏನ್ ಕಾಣ್ತದೋ? ಆಕಿ ನೋವದ ಅಂದಳು, ನಾ ನಂಬಿದೆ.'
ನಿನ್ನ ದೇವರನ್ನೂ ಹೀಗೇ ನಂಬಿದಿಯೇನು, ಸಬೂತಿಲ್ಲದೆ?
ಅಜ್ಜಿ ಬಹಳ ಹೊತ್ತು ಸುಮ್ಮನಿದ್ದಳು.
ಕೋಟೆಯ ಕಡೆಯಿಂದ ಚಳಿ ಬರುತ್ತಿತ್ತು.
'ಉಲ್ಟಾ ಕೇಳ್ಲತ್ತಿದಿ' ಅಂದಳು.
'ಇಮ್ಮಾನುವೇಲ ಹೋದ ರಾತ್ರಿ ನಾ ಅಂದೆ, ಇಲ್ಲಿ ನೋಯ್ತದ ಅಂತ.
ಮಂದಿ ಎಲ್ಲಾ ದೇವರ ಚಿತ್ತ ಅಂದು ಎದ್ದು ಹೋದರು.
ಆತ ಹೋಗಲಿಲ್ಲ.
ಎಲ್ಲಿ, ತೋರ್ಸು ಅನಲಿಲ್ಲ.
ಆತ ನನ್ನ ಸಬೂತು ಕೇಳಲಿಲ್ಲ, ನಾ ಹ್ಯಾಂಗ ಆತನ್ನ ಕೇಳ್ಲಿ?'

ತರ್ಕ ಸರಿಯಿಲ್ಲ ಅನಿಸಿತು. ಈಗಲೂ ಅನಿಸುತ್ತದೆ.
ಬಂದೇ ಇರದವನು ಹೋಗುವುದೆಂತು ಎಂದು ಕೇಳಬೇಕಿತ್ತು.
ಕೇಳಲಿಲ್ಲ; ಅವಳ ಕೈ ನನ್ನ ಬೆನ್ನ ಮೇಲಿತ್ತು.

ಅಜ್ಜಿ ಈಗಿಲ್ಲ.
ಕತ್ತಲೆಕೋಣೆಯಲ್ಲಿ ಪೊರಕೆ, ಬಕೆಟ್ಟು;
ಎಲುಬು ಈಗ ಕಂಪ್ಯೂಟರಿನಲ್ಲಿ ರೆಪ್ಪೆ ಬಡಿಯುವುದರೊಳಗೆ ಬರುತ್ತದೆ.
ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ.
ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ
ನನ್ನವು ತೆರೆದೇ ಇರುತ್ತವೆ, ರೂಢಿ.
ಆದರೆ ಚಿತ್ರ ಶುಭ್ರವಾಗಿ ಬಂದ ದಿನ,
ಗಂಜಿನ ಹಮಾಲನೊಬ್ಬ ಕೈ ತಿರುಚಿ ಬೆನ್ನು ತೋರಿಸುತ್ತ ನಿಂತ ದಿನ,
'ದೋಷ ಕಂಡಿಲ್ಲ' ಎಂದು ಬರೆದು, ಪೆನ್ನಿಟ್ಟು,
ಹೊರಗೆ ಬಂದು ಅಂಗೈ ಇಡುತ್ತೇನೆ.
ಕಣ್ಣು ತಾನಾಗಿ ಮುಚ್ಚುತ್ತದೆ.
ಅದ, ಅನ್ನುತ್ತೇನೆ.

ಯಾವುದನ್ನು ಅಂದೆನೆಂದು
ಆಮೇಲೆ ನನಗೇ ಗೊತ್ತಾಗುವುದಿಲ್ಲ.