ಪ್ರಮಾಣ: ಎರ್ಸೀಲಿಯಾ

ಒಂಬತ್ತು ಪೆಟ್ಟಿಗೆ. ಮೂರರ ಮೇಲೆ ಬೂಟಿನ ಕಂಪನಿಯ ಹೆಸರು,
ಒಂದರಲ್ಲಿ ಸೇಬಿನ ವಾಸನೆ ಇನ್ನೂ ಉಳಿದಿದೆ.
ಮಗಳು ಇರ್ಮಾ ಟ್ಯಾಕ್ಸಿಯಿಂದ ಇಳಿಸಿ, ಏದುಸಿರಲ್ಲೇ,
"ಅಪ್ಪನ ಕಾಗದ. ಇಟ್ಟುಕೊಂಡರೆ ಇಟ್ಟುಕೊಳ್ಳಿ,
ಇಲ್ಲದಿದ್ದರೆ ಸಮುದ್ರ ಇಲ್ಲೇ ಪಕ್ಕದಲ್ಲಿದೆ" ಅಂದಳು.
ವಾಲ್ಪರೈಸೊ ಪುರಸಭೆಯ ದಾಖಲೆ ಕೋಣೆಯಲ್ಲಿ
ಸಹಿ ಹಾಕಿ ತೆಗೆದುಕೊಂಡವಳು ನಾನು.

ಬೆಲಿಸಾರಿಯೊ ಕಾರ್ಕಮೊ, ಮುನಿಸಿಪಲ್ ಇಂಜಿನಿಯರು,
ಮೂವತ್ತಾರು ವರ್ಷ, ಚರಂಡಿ ಮತ್ತು ತಡೆಗೋಡೆ.
ಊರೆಂದರೆ ಇಲ್ಲಿ ಗುಡ್ಡ. ಗುಡ್ಡದ ಮೈಗೆ ಉಗುರೂರಿ
ಕಡಲಿಗೆ ಜಾರದೆ ನಿಂತ ತಗಡಿನ ಮನೆಗಳು.
"ಜಾರುವುದನ್ನು ಇನ್ನೊಂದು ವರ್ಷ ಮುಂದೂಡುವುದು, ನನ್ನ ಹುದ್ದೆ"
ರಜೆಯ ಅರ್ಜಿಯ ಬೆನ್ನಲ್ಲಿ ಆತನೇ ಬರೆದ ಸಾಲು.
ರಜೆ ಸಿಕ್ಕ ಗುರುತಿಲ್ಲ.

ಪುಸ್ತಕಗಳಲ್ಲಿ ಸಿಮೆಂಟು ಚೀಲದ ಲೆಕ್ಕ,
ಕಳುವಾದ ಚೀಲಕ್ಕೆ ಬೇರೆ ಲೆಕ್ಕ. ಕದ್ದವನ ಹೆಸರಿಲ್ಲ,
"ಅವನ ಮನೆಯ ಮೆಟ್ಟಿಲು ಚೆನ್ನಾಗಿ ಬಂದಿದೆ" ಅಷ್ಟೇ.
ಸೊಂಟ ಮುರಿದುಕೊಂಡ ಮುದುಕಿಯ ದೂರು:
ಹದಿನೇಳನೆಯ ಮೆಟ್ಟಿಲು ಎತ್ತರ ಹೆಚ್ಚಾಯಿತು.
ಅಂಚಿನಲ್ಲಿ ಪೆನ್ಸಿಲು:
ನಿಜ. ಎರಡು ಸೆಂಟಿಮೀಟರ್. ತಪ್ಪು ನನ್ನದು.

ಆಮೇಲೆ ಫೋಟೋಗಳು, ನಾನೂರ ಹನ್ನೆರಡು.
ಹುಟ್ಟುಹಬ್ಬವಿಲ್ಲ, ಮದುವೆಯಿಲ್ಲ, ಹಡಗು ನೋಡುವ ಮಕ್ಕಳಿಲ್ಲ.
ಗೋಡೆ. ಕೊಳವೆಯ ಬಾಯಿ. ಮತ್ತೆ ಗೋಡೆ.
ಪ್ರತಿಯೊಂದರ ಪಕ್ಕ ಬೂದು ಕೋಟಿನ ಒಬ್ಬ ಹೆಂಗಸು,
ಕೈಚೀಲ ಎರಡೂ ಕೈಯಲ್ಲಿ ಹಿಡಿದು
ಬರದ ಬಸ್ಸಿಗೆ ಕಾದವಳಂತೆ.
ಹಿಂಬದಿಯಲ್ಲಿ ಆ ಒತ್ತೊತ್ತು ಅಕ್ಷರ:
ತಡೆಗೋಡೆ ೪೦. ಪ್ರಮಾಣ: ಎರ್ಸೀಲಿಯಾ, ೧.೫೮ ಮೀ.

ಇರ್ಮಾಳಿಗೆ ಫೋನು ಮಾಡಿದೆ.
"ಅಮ್ಮ. ಭಾನುವಾರ ಎಲ್ಲರೂ ಬೀಚಿಗೆ, ನಾವು ಗೋಡೆಗೆ.
ಆಫೀಸಿನಲ್ಲಿ ಅಳತೆಗೋಲಿಲ್ಲವಾ ಅಂತ ಅಮ್ಮ ಬೈತಿದ್ದಳು.
ಕೋಲು ಸರ್ಕಾರದ್ದು, ರಜಾದಿನ ತರುವಂತಿಲ್ಲ, ಅಂತಿದ್ದ ಅಪ್ಪ."
ಒಂದು ಕ್ಷಣ ಬಿಟ್ಟು: "ಬೈದರೂ ಲಿಪ್‌ಸ್ಟಿಕ್ ಹಚ್ಚಿಕೊಂಡೇ ಹೊರಡುತ್ತಿದ್ದಳು."
ಕಪ್ಪುಬಿಳುಪಿನಲ್ಲಿ ಅದು ನನಗೆ ಕಂಡಿರಲಿಲ್ಲ.

ಅರವತ್ತೊಂದರಲ್ಲಿ ೧.೫೮. ಎಪ್ಪತ್ತೆಂಟರಲ್ಲಿ ೧.೫೭.
ಕೈತಪ್ಪು ಅಂದುಕೊಂಡೆ.
ಎಂಬತ್ತನಾಲ್ಕು: ೧.೫೫.
ಮೆಟ್ಟಿಲಿನ ಎರಡು ಸೆಂಟಿಮೀಟರಿಗೆ ತಪ್ಪೊಪ್ಪಿದವನು
ಇಲ್ಲಿ ಕೈತಪ್ಪುತ್ತಾನೆಯೆ?
ಭೂಕಂಪದ ಮರುದಿನ ಅದೇ ಗೋಡೆ, ಕೋಟಿನ ತುಂಬ ಗಾರೆಯ ಧೂಳು,
ಅವಳ ಕಾಲಿಗೆ ಗಂಡಸರ ಬೂಟು:
ಬಿರುಕು ೪ ಮಿ.ಮೀ., ಗಾಜುಪಟ್ಟಿ ಅಂಟಿಸಿದೆ.
ಪ್ರಮಾಣ: ಎರ್ಸೀಲಿಯಾ. ಕುಸಿತ ೩ ಸೆಂ.ಮೀ., ನಿಧಾನ.
ಗಮನಿಸುತ್ತಿರಬೇಕು.

ಇದಾದ ಮೇಲೆ ನಾಲ್ಕು ಫೋಟೋ.
ಕೊನೆಯದರಲ್ಲಿ ಗೋಡೆಯೊಂದೇ.
ಹಿಂದೆ, ಪ್ರಮಾಣ, ಎರಡು ಚುಕ್ಕಿ,
ಮತ್ತೆ ಕಾಗದ.

ನನ್ನ ಫಾರಮಿನಲ್ಲಿ ಎರಡೇ ಚೌಕ:
ಕಾಮಗಾರಿ. ಕುಟುಂಬ. ಒಂದಕ್ಕೆ ಮಾತ್ರ ಗುರುತು ಹಾಕತಕ್ಕದ್ದು.
ಅಳೆದೂ ಸುರಿದೂ ಸಂಜೆಯಾಯಿತು. ಬಾಗಿಲು ಹಾಕಿ
ಗುಡ್ಡ ಹತ್ತಿದೆ, ಹದಿನೇಳನೆಯದನ್ನು ಎಣಿಸಿ, ಹುಷಾರಾಗಿ.

ಗೋಡೆ ನಲವತ್ತಕ್ಕೆ ಈಗ ಯಾರೋ
ದೊಡ್ಡ ನೀಲಿ ಆಕ್ಟೋಪಸ್ ಬರೆದಿದ್ದಾರೆ.
ಗಾಜುಪಟ್ಟಿಯ ಮೇಲೂ ಬಣ್ಣ ಬಳಿದಿದೆ.
ಉಗುರಿನಿಂದ ಕೆರೆದೆ. ಒಡೆದಿಲ್ಲ.
ಕೆಳಗೆ ನಾಯಿಯೊಂದು ಮಲಗಿ ನನ್ನನ್ನು ನೋಡಿತು.

ಬೆನ್ನು ಗೋಡೆಗೆ ತಾಗಿಸಿ ನಿಂತೆ,
ಚೀಲ ಎರಡೂ ಕೈಯಲ್ಲಿ.
ಬಂದರಿನಿಂದ ಮಂಜು ಮೇಲೇರುತ್ತಿತ್ತು.
ನನ್ನ ಎತ್ತರ ೧.೬೩.
ಯಾರೂ ಕೇಳಲಿಲ್ಲ.