ಪ್ಯಾಕಿಂಗ್ ಸಾಮಾನು

ಶಾಲೆಯ ವರಾಂಡದಲ್ಲಿ ಮೂರು ಬೆಂಚು ಜೋಡಿಸಿ
ಪಟ್ಟಿ ಹಿಡಿದು ಕೂತಿದ್ದೆ.
ಹೊಸ ಕಂಬಳಿ ಆಗಬಹುದು, ಬಿಲ್ಲು ಸಮೇತ.
ಸೋಪು, ಟಾರ್ಚು, ಸಲೈನು, ಕೂಸಿನ ಲಂಗೋಟಿ.
ಉಟ್ಟು ಬಿಟ್ಟ ಬಟ್ಟೆ ಬೇಡ. ಕಾಳುಕಡಿ ಬೇಡ.
ಲಾರಿ ರಾತ್ರಿ ಒಂಬತ್ತಕ್ಕೆ, ಮುಂಬೈ ಬಂದರಿಗೆ.

ನವನಗರದ ಬಿಸಿಲಿಗೆ ತಗಡಿನ ಬೋರ್ಡು ಕಾದಿತ್ತು.
ಬ್ಯಾಂಕಿನವರು ಬಂದರು, ಫೋಟೊ ತೆಗೆಸಿಕೊಂಡರು.
ಹಣ್ಣಿನ ಇಲಾಹಿಸಾಬರು ಇನ್ನೂರು ಸೋಪು ಇಳಿಸಿ
ಹೆಸರು ಬರೀಬ್ಯಾಡ ಅಂದು ಹೋದರು.
ಆಮೇಲೆ ಗುರಪಾದವ್ವ,
ಸೆಕ್ಟರ್ ಇಪ್ಪತ್ತೊಂಬತ್ತರಿಂದ ನಡಕೊಂಡು,
ತಲೆಯ ಮೇಲೆ ಕೌದಿಯ ಗಂಟು.

ಬಿಚ್ಚಿ ಹಾಸಿದಳು.
ಒಳಗೆ ಸತ್ತ ಗಂಡನ ಧೋತರ,
ಮೇಲೆ ಸವೆದ ಇಳಕಲ್ ಸೀರೆಯ ಕೆಂಪು ಸೆರಗು,
ಮೊಮ್ಮಗನ ಯೂನಿಫಾರ್ಮಿನ ನೀಲಿ,
ಯಾರದೋ ಮದುವೆಯ ಖಣ.
ಇರುವೆ ಸಾಲಿನಂಥ ಹೊಲಿಗೆ ಅಂಚಿನಿಂದ ಹೊರಟು
ಸುತ್ತಿ ಸುತ್ತಿ ನಡುವಿಗೆ ಬಂದು ನಿಂತಿತ್ತು.

"ಯಾವ ದೇಶ ಅದು?"
ಹೆಸರು ಹೇಳಿದೆ.
ಎರಡು ಸಲ ಬಾಯಲ್ಲಿ ಹೊರಳಿಸಿ ಬಿಟ್ಟಳು.
"ಮನಿ ಬಿಟ್ಟು ಬಂದಾರಲ್ಲ,
ಅವರಿಗೂ ಸೆಕ್ಟರ್ ನಂಬರ್ ಕೊಟ್ಟಾರೇನು?"
ಇಲ್ಲ, ಟೆಂಟು ಅಂದೆ.
"ನಮಗ ನೋಟೀಸ್ ಬಂದಿತ್ತು. ಅಳತಿ ಮಾಡಿ,
ಬಾಗಿಲಾ ಕಿಡಕಿ ಎಣಿಸಿ, ಬೇವಿನ ಗಿಡಕ್ಕೂ ರೇಟು ಕಟ್ಟಿದ್ರು.
ಕಿಲ್ಲಾದಾಗ ನೀರು ಬರೂಕಿಂತ ಮೊದಲ
ಹೊಸ್ತಿಲಾ ಕಿತ್ತಗೊಂಡು ಬಂದ್ವಿ.
ಅವರಿಗೆ?"
ನನ್ನ ಪಟ್ಟಿಯಲ್ಲಿ ಅದಕ್ಕೆ ಖಾನೆ ಇರಲಿಲ್ಲ.

ಕೌದಿಯ ಮೂಲೆ ಹೆಬ್ಬೆರಳಿಗೆ ಗಟ್ಟಿಯಾಗಿ ಒತ್ತಿತು.
"ಜ್ವಾಳ. ಏಳು ಕಾಳು. ಕೌದಿ ಹಸದಿರಬಾರ್ದು.
ಹಸದ ಕೌದಿ ಹೊಚ್ಚಿಗೊಂಡ್ರ ನಿದ್ದಿ ಹತ್ತಂಗಿಲ್ಲ."
ನಾನು ಓದಿ ಹೇಳಿದೆ. ಬಟ್ಟೆ ಹಳೆಯದು.
ಒಳಗೆ ಕಾಳಿದೆ. ಎರಡೂ ನಡೆಯುವುದಿಲ್ಲ.
ಧ್ವನಿ ನನ್ನದೇ,
ಆದರೂ ಭೂಸ್ವಾಧೀನ ಕಚೇರಿಯ ಕಿಟಕಿಯಿಂದ ಬಂದಂತಿತ್ತು.

ಸಿಟ್ಟಾಗಲಿಲ್ಲ. ಬ್ಲೇಡು ಕೇಳಿದಳು.
ಮೂಲೆ ಬಿಚ್ಚಿ, ಅಂಗೈಗೆ ಕೊಡವಿ, ಎಣಿಸಿದಳು.
ಆರು.
ಮತ್ತೊಮ್ಮೆ ಕೊಡವಿದಳು. ಆರೇ.
ಸೆರಗಿನ ತುದಿಗೆ ಗಂಟು ಹಾಕುತ್ತ
"ಇರ್ಲಿ, ಅವರು ಈ ಕಡೆ ಬಂದಾಗ ಕೊಡ್ತೀನಿ" ಅಂದಳು,
ಪಕ್ಕದ ಓಣಿಯವರ ಮಾತಾಡುವಂತೆ.
ಕೌದಿಯನ್ನು ವಾಪಸು ಒಯ್ಯಲಿಲ್ಲ.

ರಾತ್ರಿ ಎಂಟೂವರೆ. ಸಲೈನ್ ಬಾಟಲಿಗಳ ಪೆಟ್ಟಿಗೆ
ಎತ್ತಿದಾಗೆಲ್ಲ ಕಟಕಟ ಅನ್ನುತ್ತಿತ್ತು.
ಹುಲ್ಲು ತೀರಿತ್ತು, ರದ್ದಿ ಪೇಪರು ತೀರಿತ್ತು,
ಡ್ರೈವರ್ ಎರಡು ಸಲ ಹಾರ್ನ್ ಹೊಡೆದಿದ್ದ.
ಕೌದಿಯನ್ನು ನಾಲ್ಕು ಮಡಿಕೆ ಮಾಡಿ
ಬಾಟಲಿಗಳ ಕೊರಳ ನಡುವೆ ತುರುಕಿದೆ.
ಸದ್ದು ನಿಂತಿತು.
ಪಟ್ಟಿಯ ಕೊನೆಗೆ ಬರೆದೆ: ಪ್ಯಾಕಿಂಗ್ ಸಾಮಾನು, ಒಂದು.
ಏಳನೆಯ ಕಾಳಿನ ಬಗ್ಗೆ ಬರೆಯಲಿಲ್ಲ.

ಒಂದೂವರೆ ತಿಂಗಳಿಗೆ ಫೋನಿಗೊಂದು ಫೋಟೊ.
ಬೂದು ಕಂಬಳಿಗಳ ಗುಡ್ಡೆ, ಕೆಸರು,
ಬೆನ್ನು ತಿರುಗಿಸಿ ನಿಂತ ಹುಡುಗ.
ಅವನಾಚೆ, ಟೆಂಟಿನ ಬಾಯಲ್ಲಿ, ಕೆಂಪನೆಯ ಏನೋ.
ಬೆರಳಿಂದ ಹಿಗ್ಗಿಸಿದೆ. ಹಿಗ್ಗಿಸಿದಷ್ಟೂ
ಚೌಕ ಚೌಕ ತುಂಡಾಗುತ್ತದೆ.
ಕೌದಿ ಇರಬಹುದು. ಬಕೀಟೂ ಇರಬಹುದು.

ಮೊನ್ನೆ ಸಂತೆಯಲ್ಲಿ ಗುರಪಾದವ್ವ ಎದುರಾದಳು.
"ಮುಟ್ಟಿತೇನ್ರೀ?"
ಕಿಸೆಯಲ್ಲಿ ಫೋನು ಬೆಚ್ಚಗಿತ್ತು.
ಮೆಣಸಿನಕಾಯಿಗೆ ಚಿಲ್ಲರೆ ಹುಡುಕುತ್ತ
ಸೆರಗಿನ ಒಂದು ಗಂಟು ಬಿಚ್ಚಿದಳು.
ಇನ್ನೊಂದನ್ನು ಬಿಚ್ಚಲಿಲ್ಲ.