ನಲವತ್ತೊಂದನೇ ಎಲೆ

ನಲವತ್ತೇ ಇರಬೇಕು. ನನ್ನ ಕಟ್ಟಿನಲ್ಲಿ ಯಾವಾಗಲೂ
ನಲವತ್ತೊಂದು.

ಅಂಗಡಿಯ ಶಟರ್ ಅರ್ಧ ಇಳಿಸಿ
ಜೆರಾಕ್ಸ್ ಮೆಷಿನ್ನಿನ ಬೆಚ್ಚಗಿನ ಮುಚ್ಚಳದ ಮೇಲೆ
ಹರಡಿಕೊಂಡು ಕೂತಿದ್ದೇನೆ.
ಎಡಕ್ಕೆ ಮೃಗ, ಬಲಕ್ಕೆ ಮಂತ್ರ, ನಡುವೆ ನೆಲ ಹದಿನಾರು.
ನೆಲ ಕಡಿಮೆಯಾದರೆ ಕೈತುಂಬ ಶೂರರು,
ನಿಲ್ಲಿಸಲು ಜಾಗವಿಲ್ಲ.
ಹೆಚ್ಚಾದರೆ ಊರೆಲ್ಲ ಸೈಟು, ಒಂದೂ ಮನೆಯಿಲ್ಲ.

ಎಲೆಗಳ ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ಹತ್ತಲಿಲ್ಲ,
ನಾವೇ ಇಟ್ಟುಕೊಂಡೆವು.
ಎದುರಾಳಿಯ ಒಂದು ಸರದಿ ತಡೆಯುವುದು
ಅಶೋಕ ಟಾಕೀಸ್ ಗೇಟು.
ಎಲ್ಲರೂ ಬಂದು ಸಿಕ್ಕಿಕೊಳ್ಳುವ ಬಲೆ
ಗುಂಡಿ ಸರ್ಕಲ್.
ವಿದ್ಯೆಯಿಲ್ಲದ, ಅಗ್ಗಕ್ಕೆ ಬೇಗ ಬರುವ ಕುಳ್ಳ
ಖಾಲಿ ದೋಸೆ.
ನಗಬೇಡಿ. ಮೂರನೇ ಸರದಿಯೊಳಗೆ
ಮೂರು ಖಾಲಿ ದೋಸೆ ಎದುರಿಗೆ ನಿಂತರೆ
ಹುಬ್ಬಳ್ಳಿಯಿಂದ ಬಂದವರೂ ಬೆವರುತ್ತಾರೆ.

ಮಂಡಿಪೇಟೆಯ ಗೊಬ್ಬರದಂಗಡಿ ಮೇಲಿನ ಟ್ಯೂಷನ್ ಕೋಣೆ
ಭಾನುವಾರ ನಮ್ಮದು.
ಮಂಡಕ್ಕಿ ಭಟ್ಟಿಯ ಮುಬೀನಾ ಐದು ವಾರದಿಂದ
ನನ್ನನ್ನು ಸೋಲಿಸುತ್ತಿದ್ದಾಳೆ, ಅವಸರವಿಲ್ಲದೆ,
ಉಗುರಲ್ಲಿ ಸಿಕ್ಕ ಮರಳು ತೆಗೆಯುತ್ತ.
ಹೋದ ವಾರ ನನ್ನ ಎಲೆಗಳನ್ನೆಲ್ಲ ಮಗುಚಿ ನೋಡಿ ಅಂದಳು:
'ಕೊಟ್ರೇಶ, ನಿನ್ನ ಕಟ್ಟಿನಾಗೆ ಗೆಲ್ಲೋ ಎಲೆ ಭಾಳ ಅದಾವೆ.
ಗೆಲ್ಲೋ ತನಕ ಬದುಕೋ ಎಲೆ ಇಲ್ಲ.'
ಆಮೇಲೆ, ಮೆಟ್ಟಿಲಿಳಿಯುತ್ತ:
'ಜರಡಿ ಹಿಡಿದಾಗ ನಾವು ಮಂಡಕ್ಕಿ ನೋಡಲ್ಲ.
ಮರಳು ಬಿತ್ತಾ ಅಂತ ನೋಡ್ತೀವಿ.'

ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ
ನೂರಾ ಹನ್ನೆರಡು ಆಟ ಬರೆದಿಟ್ಟಿದ್ದೇನೆ.
ಇವತ್ತು ಬೆರಳಿಟ್ಟು ಓದಿದರೆ
ಒಂದೇ ಸಾಲು, ಬೇರೆ ಬೇರೆ ಪೆನ್ನಿನಲ್ಲಿ:
ಸೋಲು. ಕೈಯಲ್ಲಿ ಗೂಳಿ. ನೆಲ ಎರಡೇ.
ಸೋಲು. ಕೈಯಲ್ಲಿ ಗೂಳಿ. ನೆಲ ಮೂರು.

ಮುಕ್ಕಣ್ಣ ಗೂಳಿ. ಇಳಿಸಲು ಏಳು ನೆಲ ಬೇಕು.
ಎಂಟನೇ ಕ್ಲಾಸಿನ ಕೊನೇ ಪರೀಕ್ಷೆಯ ದಿನ
ನನ್ನ ಮೊದಲ ಪಾಕೀಟಿನಿಂದ ಇಣುಕಿದ್ದು,
ಅಂಚಿಗೆ ಮಿಂಚು.
ಇದೊಂದೇ ಅಸಲಿ. ಉಳಿದ ನಲವತ್ತೂ
ಇದೇ ಮೆಷಿನ್ನಲ್ಲಿ ಹುಟ್ಟಿದವು,
ಅಪ್ಪ ಬಿಟ್ಟು ಹೋದ ಟ್ರಂಕಿನ ಇಸ್ಪೀಟಿಗೆ
ಗೋಂದು ಹಚ್ಚಿ ಅಂಟಿಸಿದವು.

ಡಬ್ಬಿ ತಂದ ಅಮ್ಮ ಒಮ್ಮೆ ಒಂದನ್ನೆತ್ತಿ
ತಿರುಗಿಸಿ ನೋಡಿದ್ದಳು.
'ಮುಂದೆ ಏನು ಅಂಟಿಸಿದೀಯೋ ನಂಗೊತ್ತಿಲ್ಲ.
ಹಿಂದೆ ನಿಮ್ಮಪ್ಪಂದೇ.'
ದುಡ್ಡು ಕಟ್ಟಲ್ಲಮ್ಮ, ಅಂದೆ.
'ಮತ್ತೇನು ಕಟ್ತೀ, ಇಷ್ಟೊತ್ತಾದ್ರೂ?'
ಅನ್ನ ಕಲೆಸುತ್ತ ಕೂತೆ. ಕಟ್ಟನ್ನೇ ಕಟ್ತೀನಿ ಅನ್ನಬಹುದಿತ್ತು,
ಅವಳು ನಗುತ್ತಿರಲಿಲ್ಲ.

ಗೂಳಿಯನ್ನು ತೆಗೆದೆ.
ಮತ್ತೆ ಹಾಕಿದೆ. ಗೇಟೊಂದನ್ನು ತೆಗೆದೆ,
ಗೇಟಿಲ್ಲದೆ ಈ ಊರಲ್ಲಿ ಯಾರನ್ನು ನಿಲ್ಲಿಸಲಿ,
ಅದನ್ನೂ ಹಾಕಿದೆ.
ಹನ್ನೊಂದಕ್ಕೆ ಗೂಳಿಯನ್ನು ತೆಗೆದು
ಟೋನರ್ ಡಬ್ಬಿಯ ಹಿಂದೆ, ಗೋಡೆಗೆ ಮುಖಮಾಡಿ ನಿಲ್ಲಿಸಿದೆ.

ಕಲೆಸಿದೆ. ಏನೋ ಇಲ್ಲ ಅನ್ನಿಸಿತು ಕೈಗೆ.
ಅಂಟಿಸಿದ ಎಲೆಗಳು ದಪ್ಪ, ಅಸಲಿ ತೆಳ್ಳಗೆ;
ಎಷ್ಟು ಕಲೆಸಿದರೂ ಗೂಳಿ ಎಲ್ಲಿದೆಯೆಂದು
ನನ್ನ ಹೆಬ್ಬೆರಳಿಗೆ ಗೊತ್ತಿರುತ್ತಿತ್ತು.
ಮೋಸ ಅಂತ ಮಾಡಿದ್ದಲ್ಲ.
ಅದು ಬರುತ್ತಿದೆ, ಇನ್ನು ನಾಲ್ಕೇ ಎಲೆ ಕೆಳಗೆ ಅಂತ
ಕಾಯುತ್ತಿದ್ದೆ, ಅಷ್ಟೇ. ಕಾಯುತ್ತಲೇ ಸೋಲುತ್ತಿದ್ದೆ.
ಮುಬೀನಾಗೆ ಹೇಳಬೇಕು. ಬಹುಶಃ ಅವಳಿಗೆ ಗೊತ್ತು.

ಈಗ ನಲವತ್ತೂ ಒಂದೇ ದಪ್ಪ.
ಏಳು ಎಳೆದೆ: ನೆಲ ಮೂರು, ಖಾಲಿ ದೋಸೆ ಎರಡು,
ಒಂದು ಗೇಟು.
ಏಳನೆಯದನ್ನು ಇನ್ನೂ ತಿರುಗಿಸಿಲ್ಲ,
ಶಟರ್ ಕೆಳಗೆ ಒಂದು ಜೊತೆ ಹವಾಯಿ ಚಪ್ಪಲಿ,
'ಅಣ್ಣಾ, ತೆಗೆದೈತಾ?
ಆಧಾರ್ ಒಂದು ಕಾಪಿ.
ಹಿಂದೂ ಬರ್ಬೇಕು, ಮುಂದೂ.'